ಕುಪ್ಪಳಿಯ ಕವಿಮನೆಯಲ್ಲಿ ಕೆಳಗಿನದೇ ಹೆಚ್ಚು

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಕಾಲಕ್ರಮೇಣ ಶಿಥಿಲವಾಗಿದ್ದ ಆ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಹಳೆಯ ವಿನ್ಯಾಸದಲ್ಲಿಯೇ ಮತ್ತೆ ಎತ್ತಿ ನಿಲ್ಲಿಸಿ, ‘ಕವಿಮನೆ’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದೆ. ಮೂರು ಅಂತಸ್ತು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಹೆಂಚಿನ ಮಾಡು: ಮಲೆನಾಡಿನ ಅನುಕೂಲಸ್ಥ ಒಕ್ಕಲಿಗ ಕುಟುಂಬವೊಂದರ ತೊಟ್ಟಿಮನೆ ಹೇಗಿರುತ್ತಿತ್ತೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಬಂದವರಲ್ಲಿ ಹೆಚ್ಚಿನವರು ಅಡುಗೆಮನೆಯನ್ನು ಇಣುಕಿ ನೋಡಿ, ನೇರವಾಗಿ ಉಪ್ಪರಿಗೆಯ ಮೆಟ್ಟಿಲು ಹತ್ತುತ್ತಾರೆ. ಕವಿಯ ಪುಸ್ತಕಗಳು, ಹಸ್ತಪ್ರತಿಗಳು, ಭಾವಚಿತ್ರಗಳು, ಬಳಸಿದ ಉಡುಪು, ಪ್ರಶಸ್ತಿ ಫಲಕಗಳು ಇವೆಲ್ಲ ಅವರನ್ನು ಎಳೆಯುವುದು ಸಹಜವೇ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠವಾದ್ದರಿಂದ ಅದರ ಮುಂದೆ ಜನ ನಿಲ್ಲಲೇಬೇಕು. 2015ರಲ್ಲಿ ಇಲ್ಲಿ ಕಳ್ಳತನವಾಗಿ ಪದ್ಮ ಪದಕಗಳು ಕಳುವಾದ ಸುದ್ದಿ ನಾಡನ್ನೇ ಬೇಸರಗೊಳಿಸಿತ್ತು. ಆದರೂ ಪದಕವೆಂಬುದು ಯಾವ ಊರಿನ ಗಾಜಿನ ಕಪಾಟಿನಲ್ಲಿಟ್ಟರೂ ಪದಕವೇ. ಅದು ಕುಪ್ಪಳಿಯದೆಂದು ಹೇಳುವ ಗುರುತು ಅದರಲ್ಲಿ ಏನೂ ಇರುವುದಿಲ್ಲ.

ಕೆಳಗಿನ ಮನೆಯ ಮಾತು ಬೇರೆ. ಅಲ್ಲಿ ಹಂಡೆಗಳಿವೆ, ಕಂಚು ಹಿತ್ತಾಳೆಯ ಪಾತ್ರೆಗಳಿವೆ, ಬೇಸಾಯದ ಸಲಕರಣೆಗಳಿವೆ, ಕವಿಯ ಮದುವೆಯ ಮಂಟಪವಿದೆ. ನಾನು ಹೆಚ್ಚು ಹೊತ್ತು ನಿಂತದ್ದು ಮೊಸರು ಕಡೆಯುವ ಕಡಗೋಲಿನ ಬಳಿ. ಹಗ್ಗ ಸುತ್ತಿಕೊಳ್ಳುವ ಕಡೆ ಮರ ಸವೆದು, ಸುತ್ತಲೂ ಬೆರಳು ಹೊಕ್ಕುವಷ್ಟು ಗೆರೆ ಬಿದ್ದಿತ್ತು. ಎಷ್ಟು ಹೆಂಗಸರು, ಎಷ್ಟು ಬೆಳಗಿನ ಜಾವ ಆ ಹಗ್ಗವನ್ನು ಜಗ್ಗಿದ್ದಾರೋ ಲೆಕ್ಕವಿಟ್ಟವರಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಕಾದಂಬರಿಯಲ್ಲಿ ಮನೆ ಪಾಲಾಗುವ ಭಾಗವನ್ನು ಓದಿದ್ದವರಿಗೆ ಈ ಪಾತ್ರೆಪಗಡಗಳು ಬರಿಯ ಹಳೆಯ ಸಾಮಾನಾಗಿ ಕಾಣುವುದಿಲ್ಲ, ಒಂದು ಕೂಡುಮನೆ ಒಡೆದಾಗ ಮನುಷ್ಯರ ಜೊತೆಗೆ ಇವೂ ಅತ್ತಿತ್ತ ಹರಿದು ಹಂಚಿಹೋಗುತ್ತಿದ್ದವೆಂಬುದು ಹೊಳೆಯುತ್ತದೆ.

ಮನೆಯ ಕಟ್ಟಣೆಯೂ ಓದಬೇಕಾದ ಪ್ರದರ್ಶನವೇ. ಹೆಬ್ಬಾಗಿಲು, ಜಗಲಿ, ನಡುಮನೆ, ಅಡುಗೆಮನೆ ಎಂದು ಒಳಗೊಳಗೆ ಹೋದಂತೆ, ಆ ಕಾಲದ ಮಲೆನಾಡಿನಲ್ಲಿ ಯಾರು ಎಲ್ಲಿಯವರೆಗೆ ಬರಬಹುದಿತ್ತೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಗೌಡರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರೆ, ಗದ್ದೆ ತೋಟದ ಕೆಲಸದ ಹೊಲೆಯರು ಹೊರಗೆ ಅಂಗಳದಾಚೆಯೇ ನಿಂತು ಮಾತನಾಡಬೇಕಾಗಿತ್ತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಹಾಗೆ ನಿಲ್ಲಬೇಕಾದವನೇ. ಇಂಥದೊಂದು ಮನೆಯ ಒಳಗೆ ಬೆಳೆದ ಹುಡುಗ ಮುಂದೆ ಅಂಗಳದಾಚೆ ನಿಂತವನನ್ನೂ ಅವನ ನಾಯಿ ಹುಲಿಯನನ್ನೂ ಕಥೆಯ ನಡುವಿಗೆ ತಂದು ಕೂರಿಸಿದ. ಉಪ್ಪರಿಗೆಯ ಹಸ್ತಪ್ರತಿಗಳಿಗಿಂತ ಈ ಜಗಲಿಯ ಅಂಚಿನಲ್ಲಿ ನಿಂತಾಗಲೇ ಅವನು ಇಟ್ಟ ಹೆಜ್ಜೆ ಎಷ್ಟು ದೊಡ್ಡದೆಂದು ನನಗೆ ಅಂದಾಜಾಯಿತು. ಹಾಗಾಗಿ ಕುಪ್ಪಳಿಗೆ ಹೋಗುವವರು ಎರಡು ಕಾದಂಬರಿಗಳಲ್ಲಿ ಒಂದನ್ನಾದರೂ ಓದಿಕೊಂಡು ಹೋಗುವುದು ಒಳ್ಳೆಯದು. ಇಲ್ಲವಾದರೆ ಮನೆ ಚೆನ್ನಾಗಿದೆ, ಹಳೆಯ ಕಾಲದ್ದು ಎಂಬುದಕ್ಕಿಂತ ಹೆಚ್ಚಿನದು ದಕ್ಕಲಾರದು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲವೆಂದು ಗೊಣಗುವವರನ್ನು ಕಂಡೆ. ನನ್ನ ಮಟ್ಟಿಗೆ ಅದು ಉಪಕಾರವೇ ಆಯಿತು.

ಮನೆಯ ಹಿಂದಿನ ಗುಡ್ಡವೇ ಕವಿಶೈಲ. 1994ರ ನವೆಂಬರ್‌ನಲ್ಲಿ ತೀರಿಕೊಂಡ ಕವಿಯ ಸಮಾಧಿ ಅಲ್ಲಿದೆ. ಸುತ್ತ ಎತ್ತರದ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಆ ಕಲ್ಲುಗಳಿಗಿಂತ ನನಗೆ ಇಷ್ಟವಾದದ್ದು ನೆಲದ ಬಂಡೆಯ ಮೇಲೆ ಕೊರೆದಿರುವ ಮೂವರ ಗುರುತು: ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು. ಗುರುಗಳಿಬ್ಬರೂ ಶಿಷ್ಯ ಕುವೆಂಪುವೂ ಜೊತೆಯಾಗಿ ಬಂಡೆಗೆ ಹೆಸರು ಕೊರೆದಿದ್ದಾರೆ. ಈಗಿನ ಯಾವ ಪ್ರವಾಸಿಯಾದರೂ ಹಾಗೆ ಮಾಡಿದರೆ ಬೈದು ಕಳಿಸುವ ನಾವೆಲ್ಲ ಅಲ್ಲಿ ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆವು.