ಪಿಯುಸಿಗೆ ಮ್ಯಾಥ್ಸ್ ತಗೊಳ್ಳೋದಾ, ಬೇಡ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆಯ ಅಪ್ಪ-ಅಮ್ಮಂದಿರ ಬಾಯಲ್ಲಿ ಎರಡೇ ಮಾತು. ಗಣಿತದಲ್ಲಿ 90 ಬಂದಿದ್ದರೆ, "ಪಿಸಿಎಂಬಿನಾ, ಪಿಸಿಎಂಸಿನಾ?" ಅಂದರೆ ಭೌತ, ರಸಾಯನ, ಗಣಿತದ ಜೊತೆಗೆ ಜೀವಶಾಸ್ತ್ರವಾ, ಕಂಪ್ಯೂಟರಾ ಎಂದು. 55 ಬಂದಿದ್ದರೆ, "ಮ್ಯಾಥ್ಸ್ ಬಿಡಿಸಿಬಿಡೋಣ್ವಾ?" ಅಂಕಪಟ್ಟಿ ಮುಂದಿಟ್ಟುಕೊಂಡು ಹೀಗೆ ತೀರ್ಮಾನಿಸುವುದೇ ಮೊದಲ ಎಡವಟ್ಟು.

ಹತ್ತನೇ ತರಗತಿಯ ಗಣಿತದ 100ರಲ್ಲಿ 20 ಆಂತರಿಕ ಅಂಕ. ಅದು ಹೆಚ್ಚುಕಡಿಮೆ ಎಲ್ಲರಿಗೂ ತುಂಬಿಯೇ ಬರುತ್ತದೆ. ಉಳಿದ 80ರಲ್ಲೂ ಪ್ರಮೇಯ ಬಾಯಿಪಾಠ ಮಾಡಿ, ಗ್ರಾಫ್ ಎಳೆದು, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಗಳಿಸಬಹುದಾದ ಅಂಕ ಸಾಕಷ್ಟಿದೆ. ಪಿಯುಸಿ ಗಣಿತ ನಿಂತಿರುವುದು ಬೀಜಗಣಿತದ ಮೇಲೆ. ಆದ್ದರಿಂದ ಅಂಕಪಟ್ಟಿ ಪಕ್ಕಕ್ಕಿಟ್ಟು, ಒಂದು ಬಿಳಿ ಹಾಳೆ ಕೊಟ್ಟು, ಅರ್ಧ ಗಂಟೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆ ಐದು ಲೆಕ್ಕ ಮಾಡಿಸಿ. 3/4ಕ್ಕೆ 2/5 ಕೂಡಿಸಬೇಕು. ಒನ್ ಬೈ ಎಕ್ಸ್‌ಗೆ ಒನ್ ಬೈ (ಎಕ್ಸ್ ಪ್ಲಸ್ 1) ಕೂಡಿಸಿ ಒಂದೇ ಭಿನ್ನರಾಶಿ ಮಾಡಬೇಕು. ಎಕ್ಸ್ ಸ್ಕ್ವೇರ್ ಮೈನಸ್ 5ಎಕ್ಸ್ ಪ್ಲಸ್ 6 ಅನ್ನು ಅಪವರ್ತಿಸಬೇಕು. ಲಘುಕೋನವೊಂದರ ಸೈನ್ 3/5 ಆದರೆ ಟ್ಯಾನ್ ಎಷ್ಟು? ಕೊನೆಗೆ, ವಿ ಈಕ್ವಲ್ ಟು ಯು ಪ್ಲಸ್ ಎಟಿ ಅನ್ನುವಲ್ಲಿ ಟಿ ಮಾತ್ರ ಎಡಕ್ಕೆ ತರಬೇಕು.

ಉತ್ತರಕ್ಕಿಂತ ತಪ್ಪನ್ನು ಓದಿ. 23/20 ಬರಬೇಕಾದಲ್ಲಿ 22/20 ಬಂದರೆ ಅದು ಕೈತಪ್ಪು, ಚಿಂತೆಯಿಲ್ಲ. 5/9 ಎಂದು ಬರೆದರೆ ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಕೂಡಿಸಿಟ್ಟ ಹಾಗಾಯಿತು. ಅದೇ ಮಗು ಎರಡನೇ ಲೆಕ್ಕಕ್ಕೆ ಟೂ ಬೈ (2ಎಕ್ಸ್ ಪ್ಲಸ್ 1) ಎಂದು ಬರೆಯುತ್ತದೆ, ಆಮೇಲೆ ಸೈನ್ ಆಫ್ ಎ ಪ್ಲಸ್ ಬಿ ಅಂದರೆ ಸೈನ್ ಎ ಪ್ಲಸ್ ಸೈನ್ ಬಿ ಎಂದೂ ಬರೆಯುತ್ತದೆ. ಐದರಲ್ಲಿ ನಾಲ್ಕು ಸರಿ ಬಂದರೆ, ಎಸ್ಸೆಸ್ಸೆಲ್ಸಿಯಲ್ಲಿ 60 ಬಂದಿದ್ದರೂ ಧೈರ್ಯವಾಗಿ ಗಣಿತ ಕೊಡಿಸಿ. ಎರಡೇ ಸರಿಯಾದರೆ, 85 ಬಂದಿದ್ದರೂ ಕಾಲೇಜು ಶುರುವಾಗುವುದರೊಳಗೆ ಭಿನ್ನರಾಶಿ, ಅಪವರ್ತನ, ಘಾತಾಂಕ ಮೂರನ್ನೂ ಮತ್ತೆ ಮಾಡಿಸಲೇಬೇಕು.

ಇನ್ನು ಮುಂದೆ ಏನು ಓದಲು ಗಣಿತ ಬೇಕೇ ಬೇಕು ಅನ್ನುವುದು. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಎರಡೂ ಕಡ್ಡಾಯ. ಆರ್ಕಿಟೆಕ್ಚರ್‌ಗೂ ಗಣಿತ ಬೇಕು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ವಾಯುಪಡೆ, ನೌಕಾಪಡೆ ಸೇರುವವರಿಗೂ ಅಷ್ಟೇ. ಭೂಸೇನೆಗೆ ಯಾವ ವಿಭಾಗವಾದರೂ ನಡೆಯುತ್ತದೆ ಅನ್ನುತ್ತಾರೆ, ನಿಜ, ಆದರೆ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತದ್ದೇ. ಬಿ.ಫಾರ್ಮಾಗೆ ಗಣಿತ ಅಥವಾ ಜೀವಶಾಸ್ತ್ರ, ಯಾವುದಿದ್ದರೂ ಸರಿ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಗಣಿತಕ್ಕೆ ಒಂದು ಅಂಕವೂ ಇಲ್ಲ; 720ರಲ್ಲಿ 360 ಜೀವಶಾಸ್ತ್ರಕ್ಕೆ.

ನಮ್ಮ ಕಡೆಯವರು ಮರೆಯುವುದು ಕೃಷಿಯನ್ನು. ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಬಿಎಸ್ಸಿ ಕೃಷಿಯ ರ್‍ಯಾಂಕಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ನಾಲ್ಕೂ ಪತ್ರಿಕೆ ಲೆಕ್ಕಕ್ಕೆ ಬರುತ್ತವೆ, ಗಣಿತವೂ ಸೇರಿ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಬೇರೆ ಇದೆ. ರೇಷ್ಮೆ, ಟೊಮೆಟೊ ಬೆಳೆಯುವ ಮನೆಯ ಮಗು ಪಿಸಿಎಂಬಿ ಓದುತ್ತಾ "ನನಗೆ ನೀಟ್ ಸಾಕು" ಎಂದು ಗಣಿತದ ಪತ್ರಿಕೆಯನ್ನು ಹಗುರವಾಗಿ ಬರೆದರೆ ಕೈತಪ್ಪುವುದು ಈ ಸೀಟು.

ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಎಸ್, ಪಿಸಿಎಂಇ ಎಂಬ ನಾಲ್ಕನೇ ಅಕ್ಷರದ ಜಗಳಕ್ಕೆ ಬರೋಣ (ಬಿ ಜೀವಶಾಸ್ತ್ರ, ಸಿ ಕಂಪ್ಯೂಟರ್, ಎಸ್ ಸ್ಟ್ಯಾಟಿಸ್ಟಿಕ್ಸ್, ಇ ಎಲೆಕ್ಟ್ರಾನಿಕ್ಸ್). ಎಂಜಿನಿಯರಿಂಗ್ ರ್‍ಯಾಂಕು ತೆಗೆಯುವುದು ಹೀಗೆ: ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯಲ್ಲಿ ಅದೇ ಮೂರರ ಅಂಕಕ್ಕೆ ಇನ್ನರ್ಧ. ನಾಲ್ಕನೇ ವಿಷಯ ಈ ಲೆಕ್ಕದಲ್ಲೇ ಇಲ್ಲ. ಕಂಪ್ಯೂಟರ್ ಸೈನ್ಸ್ ಬ್ರಾಂಚ್ ಸಿಗಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಬೇಕು ಅನ್ನುವುದು ಬರೀ ಅಂಬೋಣ. ಹಾಗಾಗಿ ನಾಲ್ಕನೇ ವಿಷಯಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ, ಅದು ವಾರಕ್ಕೆ ಎಷ್ಟು ಸಂಜೆ ತಿನ್ನುತ್ತದೆ? ಜೀವಶಾಸ್ತ್ರ ಅತಿ ಹೆಚ್ಚು ತಿನ್ನುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ, ಅದರಲ್ಲೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಕಾಲೇಜಿನಲ್ಲಿ ಇಂಗ್ಲಿಷ್ ಅನ್ನುವ ಬಾಗೇಪಲ್ಲಿ ಕಡೆಯ ಮಕ್ಕಳಿಗೆ, ಆ ಪದಗಳ ರಾಶಿಯೇ ದೊಡ್ಡ ಹೊರೆ. ಕಂಪ್ಯೂಟರ್‌ಗೆ 30 ಅಂಕದ ಪ್ರಾಯೋಗಿಕ ಇದೆ, ಹೊರೆ ಕಡಿಮೆ. ನನ್ನನ್ನು ಕೇಳಿದರೆ ಸ್ಟ್ಯಾಟಿಸ್ಟಿಕ್ಸ್ ಒಳ್ಳೆಯ ಆಯ್ಕೆ, ಸಂಭವನೀಯತೆ ಎರಡು ಕಡೆ ಬರುವುದರಿಂದ ಗಣಿತಕ್ಕೂ ಬಲ ಬರುತ್ತದೆ. ತಾಲ್ಲೂಕು ಮಟ್ಟದ ಕಾಲೇಜುಗಳಲ್ಲಿ ಸಿಗುವುದು ಕಷ್ಟ ಅಷ್ಟೇ.

"ಪಿಸಿಎಂಬಿ ಇದ್ದರೆ ಡಾಕ್ಟರೂ ಆಗಬಹುದು, ಎಂಜಿನಿಯರೂ ಆಗಬಹುದು" ಅನ್ನುವವರಿಗೆ: ಅರ್ಹತೆ ಎರಡಕ್ಕೂ ಉಳಿಯುತ್ತದೆ, ತಯಾರಿ ಎರಡಕ್ಕೂ ಸಾಲುವುದಿಲ್ಲ. ಪ್ರಥಮ ಪಿಯು ಮುಗಿಯುವುದರೊಳಗೆ ಒಂದನ್ನು ಆರಿಸಿಕೊಳ್ಳುವುದಾದರೆ ಮಾತ್ರ ತಗೊಳ್ಳಿ.

ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಎಂಬುದು ಬೇರೆಯೇ ವಿಷಯ. ಬಡ್ಡಿ, ಷೇರು, ಬಿಲ್ ಡಿಸ್ಕೌಂಟಿಂಗ್ ಜೊತೆಗೆ ಒಂದಿಷ್ಟು ಮ್ಯಾಟ್ರಿಕ್ಸ್, ಒಂದಿಷ್ಟು ಕ್ಯಾಲ್ಕುಲಸ್. ಸಿಎ ಓದಲು ಪಿಯುಸಿಯಲ್ಲಿ ಗಣಿತ ಕಡ್ಡಾಯವಲ್ಲ, ಆದರೆ ಅದರ ಮೊದಲ ಹಂತದ ಪರೀಕ್ಷೆಯಾದ ಸಿಎ ಫೌಂಡೇಷನ್‌ನ ಮೂರನೇ ಪತ್ರಿಕೆಯ 100ರಲ್ಲಿ 40 ವ್ಯವಹಾರ ಗಣಿತ, 40 ಸಂಖ್ಯಾಶಾಸ್ತ್ರ, 20 ತಾರ್ಕಿಕ ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಸಿಎ ಆಸೆಯಿದ್ದರೆ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್, ಎರಡರಲ್ಲೊಂದು ಇರಲಿ.

ಕೈಕೆಲಸ ಇಷ್ಟ, ಬೇಗ ದುಡಿಯಬೇಕು ಅನ್ನುವವರಿಗೆ ಡಿಪ್ಲೊಮಾ ಇದೆ. ಚಿಂತಾಮಣಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಓದು ಮುಗಿದರೆ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶ ದೂರವಿಲ್ಲ. ಮುಂದೆ ಮನಸ್ಸಾದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ಗಣಿತದಿಂದ ತಪ್ಪಿಸಿಕೊಳ್ಳಲು ಮಾತ್ರ ಈ ದಾರಿ ಹಿಡಿಯಬೇಡಿ, ಅಲ್ಲೂ ಮೊದಲ ವರ್ಷವೇ ಗಣಿತ ಇದೆ.

ಗಣಿತ ತಗೊಂಡವರು ಎಲ್ಲಿ ಸೋಲುತ್ತಾರೆ? ಮೊದಲ ಎರಡು ತಿಂಗಳಲ್ಲೇ. ಭೌತಶಾಸ್ತ್ರದ ಮೇಷ್ಟ್ರು ಚಲನೆಯ ಪಾಠದಲ್ಲಿ ಡಿಎಕ್ಸ್ ಬೈ ಡಿಟಿ ಎಂದು ಬರೆಯುತ್ತಾರೆ; ಗಣಿತದಲ್ಲಿ ಲಿಮಿಟ್, ಡೆರಿವೇಟಿವ್ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಲಾಗರಿದಮ್ ಹತ್ತನೇ ತರಗತಿಯಲ್ಲಿ ಇಲ್ಲವೇ ಇಲ್ಲ, ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕಕ್ಕೆ ಅದು ಬೇಕು. ಇವೆರಡನ್ನೂ ಯಾರೂ ಕಲಿಸಲಿಲ್ಲ, ಎಲ್ಲರೂ ಬಳಸಿದರು ಎಂದಾದಾಗ ಮಗು "ನನಗೆ ಸೈನ್ಸ್ ಹತ್ತಲ್ಲ" ಅನ್ನುತ್ತದೆ. ರಜೆಯಲ್ಲಿ ಹತ್ತು ದಿನ ಲಾಗ್ ನಿಯಮ, ಡಿಗ್ರಿಯಿಂದ ರೇಡಿಯನ್, ಸರಳ ಬಹುಪದಗಳ ಡೆರಿವೇಟಿವ್ ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ.

ಎರಡನೇ ಹೊಂಡ ಪ್ರಥಮ ಪಿಯುವನ್ನು ಕಡೆಗಣಿಸುವುದು. ಅದರ ಅಂಕ ರ್‍ಯಾಂಕಿಗೆ ಇಲ್ಲ, ಪಾಠ ಮಾತ್ರ ಸಿಇಟಿಯಲ್ಲಿದೆ. ಅಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡು. ತ್ರಿಕೋನಮಿತಿಯ ಸೂತ್ರ ನಾಲಿಗೆಯ ಮೇಲಿಲ್ಲದವರು ದ್ವಿತೀಯ ಪಿಯುವಿನ ಇಂಟಿಗ್ರಲ್ಸ್‌ನಲ್ಲೂ ಮುಗ್ಗರಿಸುತ್ತಾರೆ. ಪಾಸಾಗಲು ಬೇಕಾದಷ್ಟೇ ಪ್ರಶ್ನೆ ಆರಿಸಿಕೊಡುವ ಪಾಸಿಂಗ್ ಪ್ಯಾಕೇಜ್ ಪಾಸಿಗಷ್ಟೇ ಆಗುತ್ತದೆ.

ಅರ್ಜಿಯಲ್ಲಿ ಕಾಂಬಿನೇಷನ್ ಬರೆಯುವ ಮೊದಲು ಕಾಲೇಜಿನಲ್ಲಿ ಮೂರು ವಿಷಯ ವಿಚಾರಿಸಿ: ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರಾ, ಕಳೆದ ವರ್ಷ ಪೋರ್ಷನ್ ಯಾವ ತಿಂಗಳಲ್ಲಿ ಮುಗಿಯಿತು, ಕಾಂಬಿನೇಷನ್ ಬದಲಿಸಲು ಕೊನೆಯ ದಿನ ಯಾವುದು. ಮೂರನೆಯದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅದಕ್ಕೊಂದು ವಾರ ಮುಂಚೆ ಮಗುವಿನ ಗಣಿತದ ನೋಟ್‌ಬುಕ್ ತೆಗೆದು ನೋಡಿ. ಬೋರ್ಡಿನಿಂದ ಇಳಿಸಿಕೊಂಡ ಲೆಕ್ಕ ಬಿಟ್ಟು, ತಾನೇ ಬಿಡಿಸಿದ್ದು ಎಷ್ಟಿದೆ ಎಂದು.