ತಿಗರಿ ಇಲ್ಲದ ಕುಂಬಾರರ ಊರು ಮಾತಾ ಒರ್ತೀಸ್

ಮೆಕ್ಸಿಕೊದ ಚಿಹುವಾಹುವಾ ರಾಜ್ಯದ ನುವೆವೊ ಕಾಸಸ್ ಗ್ರಾಂದೆಸ್‌ನಲ್ಲಿ ಬಸ್ಸಿಳಿದರೆ ಮಾತಾ ಒರ್ತೀಸ್‌ಗೆ ಇನ್ನೂ 30 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದಾರಿ. ಅದಕ್ಕೂ ಮೊದಲು ಪಕಿಮೆ ನೋಡಬೇಕು. ಈ ಮಣ್ಣುಗೋಡೆಯ ನಗರ ಹಾಳುಬಿದ್ದು ಐದು ಶತಮಾನಗಳಿಗೂ ಮೇಲಾಯಿತು; 1998ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿನ ಮ್ಯೂಸಿಯಂನಲ್ಲಿರುವ ಗಡಿಗೆಗಳ ಗಿಣಿ, ಹಾವು, ಮೆಟ್ಟಿಲು ರೇಖೆಗಳನ್ನು ಕಣ್ತುಂಬಿಕೊಂಡು ಬಂದರೆ ಮುಂದಿನ ಊರಿನ ಕೆಲಸದಲ್ಲಿ ಯಾವುದು ಹಳೆಯದರ ಮುಂದುವರಿಕೆ, ಯಾವುದು ಹೊಸ ಕಲ್ಪನೆ ಎಂಬುದು ಗೊತ್ತಾಗುತ್ತದೆ.

ಮಾತಾ ಒರ್ತೀಸ್‌ನಲ್ಲಿ ಈಗ ರೈಲಿಲ್ಲ. ಹಳೆಯ ನಿಲ್ದಾಣದಲ್ಲಿ ಊರವರ ಮಡಕೆಗಳನ್ನು ಇಟ್ಟಿದ್ದಾರೆ. ಅದರ ಎದುರಿಗೇ ಈ ಊರಿನಲ್ಲಿ ಮಡಕೆ ಕಸುಬು ಶುರುಮಾಡಿದ ಹ್ವಾನ್ ಕೆಸಾದಾ ಅವರ ಮನೆ. 1940ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಕೆಸಾದಾ ಅವರಿಗೆ ಗುರುಗಳಿರಲಿಲ್ಲ. ಸೌದೆಗೆಂದು ಗುಡ್ಡಕ್ಕೆ ಹೋಗುತ್ತಿದ್ದ ಹುಡುಗ ಅಲ್ಲಿ ಸಿಕ್ಕ ಪಕಿಮೆ ಕಾಲದ ಚೂರುಗಳನ್ನು ನೋಡಿ ಮಡಕೆ ಮಾಡಲು ಕೂತರೆ, ಮಾಡಿದ್ದೆಲ್ಲ ಬಿರುಕುಬಿಡುತ್ತಿತ್ತು. ಚೂರುಗಳ ಒಡೆದ ಅಂಚಿನಲ್ಲಿ ಮರಳಿನ ಕಣ ಕಂಡ ಮೇಲೆ ಜೇಡಿಗೆ ಮರಳು ಬೆರೆಸಿದರು. ಬರೀ ಜೇಡಿ ಒಣಗುವಾಗ ವಿಪರೀತ ಕುಗ್ಗುತ್ತದೆ. ಮರಳು ಆ ಕುಗ್ಗುವಿಕೆಯನ್ನು ತಡೆದು, ಒಳಗಿನ ತೇವ ಹೊರಬರಲು ದಾರಿ ಬಿಡುತ್ತದೆ. 1976ರಲ್ಲಿ ಅಮೆರಿಕದ ಡೆಮಿಂಗ್ ಪಟ್ಟಣದ ಹಳೆಸಾಮಾನಿನ ಅಂಗಡಿಯಲ್ಲಿ ಇವರ ಮೂರು ಮಡಕೆಗಳನ್ನು ಕಂಡ ಮಾನವಶಾಸ್ತ್ರಜ್ಞ ಸ್ಪೆನ್ಸರ್ ಮೆಕಾಲಮ್, ಅವನ್ನು ಮಾಡಿದವರನ್ನು ಹುಡುಕಿಕೊಂಡು ಬಂದರು. 1999ರಲ್ಲಿ ಕೆಸಾದಾ ಅವರಿಗೆ ಮೆಕ್ಸಿಕೊದ ರಾಷ್ಟ್ರೀಯ ಪ್ರಶಸ್ತಿ ಬಂತು. ಅಷ್ಟರಲ್ಲಿ ಒಡಹುಟ್ಟಿದವರು, ನೆರೆಹೊರೆಯವರು ಎಲ್ಲರೂ ಕಲಿತಾಗಿತ್ತು. ಇವತ್ತು ಊರಿನಲ್ಲಿ ನೂರಾರು ಜನರಿಗೆ ಇದೇ ಕಸುಬು.

ಮನೆಯವರನ್ನು ಕೇಳಿದರೆ ಕೆಲಸ ತೋರಿಸುತ್ತಾರೆ. ಕೂತು ನೋಡುವುದೇ ಸರಿ. ನೆನೆಸಿದ ಜೇಡಿಯನ್ನು ಬಟ್ಟೆಯಲ್ಲಿ ಸೋಸಿ, ಹದಕ್ಕೆ ಬರುವವರೆಗೆ ಆರಿಸಿಡುತ್ತಾರೆ. ತಿಗರಿ ಇಲ್ಲ. ಮಣ್ಣನ್ನು ರೊಟ್ಟಿಯ ಹಾಗೆ ತಟ್ಟಿ ಪ್ಲಾಸ್ಟರಿನ ಬಟ್ಟಲಚ್ಚಿನಲ್ಲಿ ಒತ್ತಿದರೆ ತಳವಾಯಿತು. ಅದರ ಅಂಚಿಗೆ ದಪ್ಪನೆಯ ಒಂದೇ ಸುರುಳಿ ಕೂರಿಸಿ, ಬೆರಳುಗಳಿಂದ ಚಿವುಟುತ್ತಾ ಗೋಡೆ ಎಬ್ಬಿಸುತ್ತಾರೆ. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನ ತುಂಡಿನಿಂದ ಹೆರೆದು ತೆಳುಮಾಡುತ್ತಾರೆ. ಪೂರಾ ಒಣಗಿದ ಮೇಲೆ ಮರಳು ಕಾಗದ, ಆಮೇಲೆ ಎಣ್ಣೆ ಸವರಿ ನುಣುಪು ಕಲ್ಲಿನಿಂದ ಉಜ್ಜಾಟ. ಹೊಳಪು ಬರುವುದು ಈ ಉಜ್ಜಾಟದಿಂದಲೇ, ಗಾಜಿನ ಲೇಪ ಇಲ್ಲವೇ ಇಲ್ಲ. ಮಕ್ಕಳ ತಲೆಗೂದಲಿನ ನಾಲ್ಕಾರು ಎಳೆ ಕಟ್ಟಿದ ಉದ್ದ ಕುಂಚದಿಂದ ಖನಿಜ ಬಣ್ಣ ಹಚ್ಚುತ್ತಾರೆ, ಕಪ್ಪಿಗೆ ಮ್ಯಾಂಗನೀಸ್. ತೆಳುವಾದ ಉದ್ದ ಕೂದಲು ಮಡಕೆಯ ಉಬ್ಬಿಗೆ ಒರಗಿಕೊಂಡು ಹೋಗುವುದರಿಂದ ಗೆರೆ ನಡುಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಮಡಕೆ ಉಳಿಯುವುದೋ ಹೋಗುವುದೋ ಸುಡುವಾಗ ಗೊತ್ತಾಗುವುದು. ನಮ್ಮ ಆವಿಗೆಯಲ್ಲಿ ಹತ್ತಾರು ಮಡಕೆ ಒಟ್ಟಿಗೆ ಬೇಯುತ್ತವೆ; ಇಲ್ಲಿ ಒಳ್ಳೆಯ ಮಡಕೆಯನ್ನು ಒಂದೊಂದಾಗಿ ಸುಡುತ್ತಾರೆ. ಮೊದಲು ಬಿಸಿಮಾಡಿ ಉಳಿದ ತೇವ ತೆಗೆಯುತ್ತಾರೆ, ಇಲ್ಲದಿದ್ದರೆ ಆವಿ ಹುಟ್ಟಿ ಸಿಡಿಯುತ್ತದೆ. ನೆಲಕ್ಕೆ ತಾಗದಂತೆ ಇಟ್ಟು, ಮೇಲೆ ಬಕೆಟ್ ಬೋರಲು ಹಾಕಿ, ಸುತ್ತ ಒಣಗಿದ ಸಗಣಿ ಅಥವಾ ಮರದ ತೊಗಟೆ ಒಟ್ಟಿ ಬೆಂಕಿ ಕೊಡುತ್ತಾರೆ. ಕೆಳಗಿನಿಂದ ಗಾಳಿ ಆಡಿದರೆ ಬಣ್ಣ ತಿಳಿಯಾಗಿ ನಿಲ್ಲುತ್ತದೆ. ಕರಿ ಮಡಕೆ ಬೇಕೆಂದರೆ ಒಳಗೂ ಸಗಣಿ ಪುಡಿ ಹಾಕಿ, ಬಕೆಟ್ಟಿನ ಬಾಯಿಸುತ್ತ ಮಣ್ಣು ಮುಚ್ಚಿ ಗಾಳಿ ಕಟ್ಟುತ್ತಾರೆ. ಹೊಗೆ ಜೇಡಿಯೊಳಗೆ ಇಳಿಯುತ್ತದೆ. ಸಂದಿ ಉಳಿದರೆ ಕಂದು ಕಲೆ, ಒಂದೇ ಕಡೆ ಗಾಳಿ ಬೀಸಿದರೆ ಸೀಳು.

ಕೊಳ್ಳುವವರು ಮಡಕೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಕಣಕಣ ಅಂದರೆ ಸರಿ, ಮಂಕಾದ ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ತಳದಲ್ಲಿ ಮಾಡಿದವರ ಸಹಿ ನೋಡಿ. ಕಡಿಮೆ ಶಾಖದಲ್ಲಿ ಸುಟ್ಟ ಇವುಗಳಲ್ಲಿ ನೀರು ಇಡಬಾರದು, ಒಲೆಗಂತೂ ಏರಿಸಲೇಬಾರದು. ವಿಮಾನದಲ್ಲಿ ತರುವುದಾದರೆ ಒಳಗೆ ಹಗುರವಾಗಿ ಕಾಗದ ತುಂಬಿ, ಕಂಠಕ್ಕೆ ಬೇರೆಯಾಗಿ ಬಟ್ಟೆ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೊದಲು ಒಡೆಯುವುದು ಕಂಠವೇ.