ನನ್ನ ಮಗನಿಗೆ ಕಾರ್ಡ್, ಗೆಳತಿಯ ಮಗನಿಗೆ ಬಿಲ್

ಮ್ಯೂನಿಕ್‌ನಲ್ಲಿ ಕನ್ನಡದ ಅಮ್ಮಂದಿರು ಸೇರಿದಾಗ ಮಕ್ಕಳ ಜ್ವರ, ಹಲ್ಲು, ಕಿಂಡರ್‌ಗಾರ್ಟನ್ ಸೀಟು ಎಲ್ಲದರ ಬಗ್ಗೆಯೂ ಮಾತು ನಡೆಯುತ್ತದೆ. ಗಂಡುಮಕ್ಕಳ ಮುಂದೊಗಲಿನ, ಅಂದರೆ ಶಿಶ್ನದ ತುದಿಯ ಚರ್ಮದ ವಿಷಯ ಬಂದರೆ ಮಾತ್ರ ಎಲ್ಲರೂ ದನಿ ತಗ್ಗಿಸುತ್ತಾರೆ. ನನ್ನ ಮಗನಿಗೂ ನನ್ನ ಗೆಳತಿಯ ಮಗನಿಗೂ ಒಂದೇ ವರ್ಷ, ಒಬ್ಬರೇ ಡಾಕ್ಟರ ಹತ್ತಿರ ಅದನ್ನು ತೆಗೆಯುವ ಆಪರೇಷನ್ ಆಯಿತು. ನನ್ನದಕ್ಕೆ ಸರ್ಕಾರಿ ವಿಮೆ ಪೂರ್ತಿ ಹಣ ಕೊಟ್ಟಿತು, ಅವಳದಕ್ಕೆ ಒಂದು ಯೂರೋ ಕೂಡ ಕೊಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗನಿಗೆ ಐದು ತುಂಬುವ ಹೊತ್ತು. ಉಚ್ಚೆ ಹೊಯ್ಯುವಾಗ ತುದಿ ಬಲೂನಿನ ಹಾಗೆ ಉಬ್ಬುತ್ತಿತ್ತು. ಒಂದೆರಡು ಸಲ ಕೆಂಪಾಗಿ ಕೀವೂ ಆಯಿತು. "ಅಮ್ಮಾ, ಉರೀತಿದೆ" ಎಂದು ಬಚ್ಚಲಲ್ಲಿ ಕಾಲು ಕುಣಿಸುತ್ತಾ ನಿಲ್ಲುತ್ತಿದ್ದ. ಇಲ್ಲಿ ಮಕ್ಕಳಿಗೆ ಹುಟ್ಟಿದಾಗಿನಿಂದ ಯು1, ಯು2 ಎಂದು ಸಾಲಾಗಿ ತಪಾಸಣೆಗಳಿರುತ್ತವೆ. ಎಲ್ಲವನ್ನೂ ಒಂದು ಹಳದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಐದನೇ ವರ್ಷದ ಯು9ಗೆ ಹೋದಾಗ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ಸುಮ್ನೆ ನೋಡಿದರು, ಹಿಂದಕ್ಕೆ ಎಳೆಯಲಿಲ್ಲ. "ಮನೆಯಲ್ಲೂ ಯಾರೂ ಎಳೆಯಬೇಡಿ" ಎಂದು ಒತ್ತಿ ಹೇಳಿದರು.

ಆ ಮಾತು ನಮ್ಮ ಕಡೆಯವರು ಕೇಳಲೇಬೇಕು. ನಮ್ಮಲ್ಲಿ ಎಣ್ಣೆ ನೀರು ಹಾಕುವಾಗ ಚರ್ಮ ಹಿಂದಕ್ಕೆ ಸರಿಸಿ ತೊಳೆಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹುಟ್ಟಿದ ಮಗುವಿಗೆ ಆ ಚರ್ಮ ಒಳಗೆ ಅಂಟಿಕೊಂಡೇ ಇರುತ್ತದೆ. ವಯಸ್ಸಾದಂತೆ ತಾನಾಗಿ ಬಿಡುತ್ತದೆ. ಡೆನ್ಮಾರ್ಕ್‌ನಲ್ಲಿ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನ ಡಾಕ್ಟರುಗಳ ಬಾಯಲ್ಲಿ ಇವತ್ತಿಗೂ ಬರುತ್ತದೆ. ಆರೇಳು ವರ್ಷದಲ್ಲಿ ನೂರಕ್ಕೆ ಎಂಟು ಹುಡುಗರಿಗೆ ಬಿಗಿ ಇತ್ತು, ಹದಿನಾರು ಹದಿನೇಳಕ್ಕೆ ಬರುವಷ್ಟರಲ್ಲಿ ನೂರಕ್ಕೆ ಒಬ್ಬನಿಗೆ ಮಾತ್ರ. ಬಲವಂತವಾಗಿ ಎಳೆದರೆ ಸೀಳಿ, ಗಾಯ ಮಾಗಿ, ಅದೇ ಗಟ್ಟಿಯಾಗುತ್ತದೆ. ಇಲ್ಲದ ಕಾಯಿಲೆಯನ್ನು ನಾವೇ ತಂದಂತೆ.

ಮೊದಲು ಕೊಟ್ಟಿದ್ದು ಸ್ಟೆರಾಯ್ಡ್ ಮುಲಾಮು. ದಿನಕ್ಕೆ ಎರಡು ಸಲ, ಕೆಲವು ವಾರ, ಬಿಗಿ ಇರುವ ಜಾಗಕ್ಕೆ ಮಾತ್ರ ತೆಳ್ಳಗೆ. ಹೆಚ್ಚಿನ ಮಕ್ಕಳಿಗೆ ಇದರಲ್ಲೇ ವಾಸಿಯಾಗುತ್ತದೆ. ನನ್ನ ಮಗನಿಗೆ ಆಗಲಿಲ್ಲ. ತುದಿಯಲ್ಲಿ ಬೆಳ್ಳಗೆ ಗಟ್ಟಿ ಉಂಗುರದಂತೆ ಕಾಣತೊಡಗಿತು. ಡಾಕ್ಟರು ಚೀಟಿ ಬರೆದು ಮಕ್ಕಳ ಸರ್ಜನ್ ಹತ್ತಿರ ಕಳಿಸಿದರು. ಆ ಡಾಕ್ಟರಮ್ಮ ನೋಡಿದ ತಕ್ಷಣ, ಇದು ಲೈಕನ್ ಸ್ಕ್ಲೆರೋಸಸ್ ಇರಬೇಕು, ಚರ್ಮದ ಕಾಯಿಲೆ, ಬಿಟ್ಟರೆ ಉಚ್ಚೆಯ ದಾರಿಗೂ ಹಬ್ಬಬಹುದು, ಪೂರ್ತಿ ತೆಗೆಯುವುದೇ ಸರಿ ಎಂದರು.

ಅವತ್ತು ರಾತ್ರಿ ಮೈಸೂರಿಗೆ ಫೋನ್ ಮಾಡಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಯ್ಯೋ, ನಮ್ಮಲ್ಲಿ ಮಾಡಿಸೋದಲ್ಲ ಕಣಮ್ಮ ಅದು. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ?" ಎಂದರು. ಅವರ ಭಯ ನನಗೆ ಅರ್ಥವಾಯಿತು. ಮಗುವಿನ ಮೈಮೇಲಿನ ಗುರುತನ್ನು ನೋಡಿ ಜಾತಿ ಧರ್ಮ ಹೇಳುವ ನಾಡಿನಿಂದ ಬಂದವರು ನಾವು. ಗಲಭೆಗಳಲ್ಲಿ ಜನರನ್ನು ಬಟ್ಟೆ ಬಿಚ್ಚಿಸಿ ನೋಡಿದ್ದರ ಕತೆಗಳನ್ನು ಅವರು ಕೇಳಿದ್ದಾರೆ. "ಅತ್ತೆ, ಅಪೆಂಡಿಕ್ಸ್ ತೆಗೆದ ಹಾಗೇ ಇದೂ. ಕಾಯಿಲೆ ಬಂದ ಚರ್ಮ ತೆಗೀತಾರೆ ಅಷ್ಟೇ" ಎಂದೆ. ಕೊನೆಗೆ ಅವರು ಕೇಳಿದ್ದು, "ಮಗೂಗೆ ನೋವಾಗಲ್ಲ ತಾನೇ?"

ನೋವಾಗಲಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಕೈಗೆ ಒಂದು ಮರಗಟ್ಟಿಸುವ ಪ್ಲಾಸ್ಟರ್ ಹಚ್ಚಿದರು. ಮಕ್ಕಳಿಗೆ ಅದನ್ನು ಜಾದೂ ಪ್ಲಾಸ್ಟರ್ ಎಂದು ಹೇಳುತ್ತಾರೆ. ಸೂಜಿ ಹಾಕುವಾಗ ಮಗ ಆ ಜಾಗವನ್ನೇ ನೋಡುತ್ತಿದ್ದ, ಅಳಲಿಲ್ಲ. ಪೂರ್ತಿ ಅರಿವಳಿಕೆ, ಅದರ ಜೊತೆ ಎದ್ದ ಮೇಲೂ ನೋವು ಗೊತ್ತಾಗದ ಹಾಗೆ ನರಕ್ಕೆ ಇನ್ನೊಂದು ಇಂಜೆಕ್ಷನ್. ಕರಗುವ ಹೊಲಿಗೆ. ತೆಗೆದ ಚರ್ಮ ಲ್ಯಾಬಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದೆವು. ಆಮೇಲೆ ಕ್ಯಾಮೊಮೈಲ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಕೂರಿಸುವುದು, ಮುಲಾಮು, ಸಡಿಲ ಚಡ್ಡಿ. ಸೈಕಲ್ ಇಲ್ಲ, ಮರಳಲ್ಲಿ ಆಟ ಇಲ್ಲ. ನಾನು ಕೊಟ್ಟಿದ್ದು ಮಗನ ವಿಮೆ ಕಾರ್ಡ್ ಮಾತ್ರ. ಜರ್ಮನಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಈ ಸರ್ಕಾರಿ ವಿಮೆಯಲ್ಲೇ ಇದ್ದಾರೆ. ನಮ್ಮ ಸಂಬಳದಲ್ಲಿ ಕಂತು ಕಡಿದರೆ ಮಕ್ಕಳಿಗೆ ಬೇರೆ ಕಂತಿಲ್ಲ.

ಗೆಳತಿ ಹುಬ್ಬಳ್ಳಿಯವಳು. ಅವಳ ಮಗನಿಗೆ ಯಾವ ಕಾಯಿಲೆಯೂ ಇಲ್ಲ. ಅವರಿಗೆ ಸುನ್ನತಿ ಆಗಬೇಕು. ಕಾಯಿಲೆ ಇಲ್ಲದ್ದಕ್ಕೆ ವಿಮೆ ಹಣ ಕೊಡುವುದಿಲ್ಲ. ಡಾಕ್ಟರಮ್ಮನ ಆಫೀಸಿನವರು ಖರ್ಚಿನ ಅಂದಾಜು ಬರೆದುಕೊಟ್ಟರು. ಸರ್ಜನ್‌ದು ಒಂದು, ಅರಿವಳಿಕೆ ಡಾಕ್ಟರದ್ದು ಇನ್ನೊಂದು, ಎರಡೂ ಸೇರಿ ನೂರಾರು ಯೂರೋ. ನನ್ನ ಅಡಿಗೆಮನೆಯಲ್ಲಿ ಕೂತು ಆ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ಹೇಳಿದಳು: "ಅಕ್ಕಾ, ಕತ್ತರಿ ಒಂದ, ಡಾಕ್ಟರೂ ಒಬ್ಬಾಕಿನ. ನಿಮ್ಮ ಹುಡುಗಗ ಕಾರ್ಡ್ ಸಾಕಾತು, ನಮ್ಮ ಹುಡುಗಗ ರೊಕ್ಕ."

ಪರಿಚಯದ ಒಬ್ಬರು ಅವಳಿಗೆ ಸುಲಭದ ದಾರಿ ಹೇಳಿಕೊಟ್ಟಿದ್ದರು. ಫೈಮೋಸಿಸ್, ಅಂದರೆ ಮುಂದೊಗಲು ಬಿಗಿ ಇದೆ ಅಂತ ಬರೆಸಿಕೊಂಡುಬಿಡು, ವಿಮೆಯವರು ಕೊಡ್ತಾರೆ ಎಂದು. ಅವಳು ಒಪ್ಪಲಿಲ್ಲ. "ಸುಳ್ಳ ಬರೆಸಿ ಮಾಡಿಸಿದ್ದು ಸುನ್ನತಿ ಹೆಂಗಾಗತೈತಿ?" ಎಂದಳು. ಇನ್ನೊಬ್ಬರು ಕಡಿಮೆ ದುಡ್ಡಿಗೆ, ಬರೀ ಆ ಜಾಗಕ್ಕೆ ಇಂಜೆಕ್ಷನ್ ಕೊಟ್ಟು ಮಾಡುವ ಕಡೆ ವಿಳಾಸ ಕೊಟ್ಟಿದ್ದರು. ಐದು ವರ್ಷದ ಹುಡುಗ ಎಚ್ಚರದಲ್ಲಿ, ನಾಲ್ಕು ಜನ ಹಿಡಿದುಕೊಂಡು. ಅವಳ ಅಣ್ಣಂದಿರಿಗೆ ಊರಲ್ಲಿ ಮನೆಗೇ ಹಜಾಮ ಬಂದು ಮಾಡಿದ್ದ. ಈಗ ಅಲ್ಲೂ ಬೇಸಿಗೆ ರಜೆಯಲ್ಲಿ ಡಾಕ್ಟರುಗಳನ್ನೇ ಕರೆಸಿ ಉಚಿತ ಸಾಮೂಹಿಕ ಖತ್ನಾ ಶಿಬಿರ ಮಾಡುತ್ತಾರೆ. "ಅಣ್ಣ ಚೀರಿದ್ದು ಇನ್ನಾ ಕಿವ್ಯಾಗ ಐತಿ ಅಕ್ಕಾ" ಎಂದಳು.

ಜರ್ಮನಿಗೆ ಈ ವಿಷಯ ಹೊಸದಲ್ಲ. ಕೊಲೋನ್‌ನಲ್ಲಿ ನಾಲ್ಕು ವರ್ಷದ ಹುಡುಗನಿಗೆ ಡಾಕ್ಟರೊಬ್ಬರು ಸುನ್ನತಿ ಮಾಡಿದ ಮೇಲೆ ರಕ್ತಸ್ರಾವವಾಗಿ ಕೇಸಾಯಿತು. ಧರ್ಮದ ಕಾರಣಕ್ಕೆ ಮಾಡಿದರೂ ಇದು ದೇಹಕ್ಕೆ ಗಾಯ ಮಾಡಿದ ಅಪರಾಧ ಎಂದು 2012ರ ಮೇ ತಿಂಗಳಲ್ಲಿ ಅಲ್ಲಿನ ಕೋರ್ಟು ಹೇಳಿತು, ಡಾಕ್ಟರನ್ನು ಮಾತ್ರ ಬಿಟ್ಟಿತು. ಮುಸ್ಲಿಮರು, ಯಹೂದಿಗಳು ಕಂಗಾಲಾದರು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿತು: ವೈದ್ಯಕೀಯದ ನಿಯಮಗಳಂತೆ ಮಾಡುವುದಾದರೆ ಅಪ್ಪ ಅಮ್ಮ ಒಪ್ಪಿಗೆ ಕೊಡಬಹುದು. ಮಾಡಿಸಲು ಅನುಮತಿ ಸಿಕ್ಕಿತು. ಖರ್ಚು ಮನೆಯವರದ್ದೇ ಆಗಿ ಉಳಿಯಿತು.

ಸರ್ಕಾರಿ ವಿಮೆ ಇರುವುದು ಕಾಯಿಲೆಗೆ, ಅದು ನನಗೆ ಒಪ್ಪಿಗೆ. ಮಗು ದೊಡ್ಡವನಾಗಿ ತಾನೇ ತೀರ್ಮಾನಿಸಲಿ ಎನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಕಾನೂನೇ ವೈದ್ಯಕೀಯದ ನಿಯಮದಂತೆ ಮಾಡಿ ಎಂದ ಮೇಲೆ, ಆ ನಿಯಮದ ಮೊದಲ ಸಾಲೇ ನೋವು ತಡೆಯುವುದಲ್ವಾ? ಅದನ್ನು ಅಪ್ಪನ ಸಂಬಳಕ್ಕೆ ಬಿಟ್ಟರೆ, ಇಲ್ಲದವರು ಅದನ್ನೇ ಬಿಡುತ್ತಾರೆ, ಸುನ್ನತಿಯನ್ನಲ್ಲ. ನಾರ್ವೆಯಲ್ಲಿ 2015ರಿಂದ ಬೇರೆ ದಾರಿ ಇದೆ. ಧರ್ಮದ ಕಾರಣಕ್ಕಾದರೂ ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಇದನ್ನು ಒದಗಿಸಬೇಕು, ಮನೆಯವರು ಶುಲ್ಕ ಕಟ್ಟುತ್ತಾರೆ. ಸ್ವೀಡನ್‌ನಲ್ಲಿ 2001ರ ಕಾನೂನು ನೋವು ನಿವಾರಣೆ ಕಡ್ಡಾಯ ಎನ್ನುತ್ತದೆ. ಅಮೆರಿಕದಲ್ಲಿ ಬಡವರ ವಿಮೆಯಾದ ಮೆಡಿಕೇಡ್ ಕೆಲವು ರಾಜ್ಯಗಳಲ್ಲಿ ಕೊಡುತ್ತದೆ, ಕ್ಯಾಲಿಫೋರ್ನಿಯಾ 1982ರಲ್ಲೇ ನಿಲ್ಲಿಸಿತು. ನನಗೆ ಹಿಡಿಸಿದ್ದು ನಾರ್ವೆಯದು. ಆಪರೇಷನ್ ಖರ್ಚು ಮನೆಯವರು ಹೊರಲಿ. ಅರಿವಳಿಕೆ, ಆಮೇಲಿನ ತಪಾಸಣೆ ಇವು ಮಗುವಿನ ಹಕ್ಕು, ಅವು ಕಾರ್ಡಿನಲ್ಲೇ ಬರಲಿ.

ಗೆಳತಿ ಕೊನೆಗೆ ಅದೇ ಡಾಕ್ಟರಮ್ಮನ ಹತ್ತಿರವೇ ಮಾಡಿಸಿದಳು. ಕಂತಿನಲ್ಲಿ ಕಟ್ಟಲು ಅವರು ಒಪ್ಪಿದರು. ಆ ವರ್ಷ ಅವಳು ಊರಿಗೆ ಹೋಗಲಿಲ್ಲ. ಈಗ ಈ ವಿಷಯಕ್ಕೆ ಯಾರಾದರೂ ನಮ್ಮಿಬ್ಬರಿಗೆ ಫೋನ್ ಮಾಡಿದರೆ ನಾನು ಕೇಳುವುದು, "ಮುಲಾಮು ಹಚ್ಚಿ ನೋಡಿದ್ರಾ?" ಅವಳು ಕೇಳುವುದು, "ಅಂದಾಜಿನ್ಯಾಗ ಅರಿವಳಿಕೆ ಡಾಕ್ಟರ್ ರೊಕ್ಕ ಸೇರೈತೇನು? ರಾತ್ರಿ ರಕ್ತ ಬಂದ್ರ ಯಾರಿಗೆ ಫೋನ್ ಮಾಡಬೇಕು ಅಂತ ನಂಬರ್ ಕೊಟ್ಟಾರೇನು?"